ಎಂಜಿನಿಯರಿಂಗ್ ಮುಗಿಸಿದ ಮಗ ಫುಟ್‌ಬಾಲ್ ಕೋಚ್ ಆಗ್ತೀನಿ ಅಂತಾನೆ, ಒಪ್ಪಬಹುದಾ?

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು. ಒಹಾಯೊದಲ್ಲಿ ನೆಲೆಸಿ ಇಪ್ಪತ್ತು ವರ್ಷ ದಾಟಿದೆ. ಮಗ ಇಲ್ಲೇ ಹುಟ್ಟಿದವನು, ಈಗ 22. ಇಲ್ಲಿನ ಒಂದು ಡಿವಿಷನ್ 3 ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ನಾಲ್ಕು ವರ್ಷ ಕಾಲೇಜು ಫುಟ್‌ಬಾಲ್ ತಂಡದಲ್ಲಿ ಲೈನ್‌ಬ್ಯಾಕರ್ ಆಗಿ ಆಡಿದ. ನವೆಂಬರ್‌ನಲ್ಲಿ ಆಟ ಮುಗಿಯಿತು. ಕೈಯಲ್ಲಿ ಒಳ್ಳೆಯ ಕಂಪನಿಯ ಕೆಲಸ ಇದೆ, ಜುಲೈಗೆ ಸೇರಬೇಕು. ಈಗ ಅದನ್ನು ಬಿಟ್ಟು ಗ್ರಾಜುಯೇಟ್ ಅಸಿಸ್ಟೆಂಟ್ (ಮಾಸ್ಟರ್ಸ್ ಓದುತ್ತಾ ಕೋಚ್‌ಗಳಿಗೆ ಸಹಾಯಕ) ಆಗಿ ಕೋಚಿಂಗ್‌ಗೆ ಹೋಗುತ್ತೇನೆ ಅನ್ನುತ್ತಿದ್ದಾನೆ. ಒಂದು ದೊಡ್ಡ ಯೂನಿವರ್ಸಿಟಿ ಮತ್ತು ಒಂದು ಸಣ್ಣ ಡಿವಿಷನ್ 2 ಕಾಲೇಜು, ಎರಡು ಕಡೆ ಮಾತುಕತೆ ನಡೆದಿದೆಯಂತೆ. "ಮಾರ್ಕಸ್ ಫ್ರೀಮನ್ ನೋಡಮ್ಮ, 35ಕ್ಕೇ ನೋಟರ್ ಡೇಮ್ ಹೆಡ್ ಕೋಚ್ ಆದ" ಅನ್ನುತ್ತಾನೆ. ನಮ್ಮ ಯಜಮಾನರು ಒಪ್ಪುತ್ತಿಲ್ಲ. ದೊಡ್ಡ ಆಟಗಾರನೇ ಆಗದವನು ದೊಡ್ಡ ಕೋಚ್ ಹೇಗಾಗುತ್ತಾನೆ, ಒಂದು ಸಲ ಎಂಜಿನಿಯರಿಂಗ್ ಬಿಟ್ಟರೆ ಮತ್ತೆ ಯಾರು ಕರೆಯುತ್ತಾರೆ ಅಂತ ಅವರ ವಾದ. ನನಗೆ ಇಬ್ಬರ ಮಾತೂ ಸರಿ ಅನಿಸುತ್ತದೆ. ಇದರಲ್ಲಿ ಜೀವನ ಮಾಡಬಹುದಾ? ಯಜಮಾನರು ಆ ಕೋಚ್‌ಗೇ ಒಂದು ಫೋನ್ ಮಾಡಿ ವಿಚಾರಿಸಲಾ ಅಂತಲೂ ಕೇಳುತ್ತಿದ್ದಾರೆ.

ಉತ್ತರ:

ನಿಮ್ಮ ಪತ್ರ ಓದಿದಾಗ ನನಗೆ ಕಂಡ ಚಿಂತೆ ಎರಡು. ಇದು ನಿಜವಾದ ಉದ್ಯೋಗವೋ, ಅಥವಾ ಆಟ ಮುಗಿದ ಬೇಸರಕ್ಕೆ ಹುಡುಗ ಹಿಡಿದಿರುವ ಹಟವೋ ಅನ್ನುವುದು ಒಂದು. ಈಗ ಒಪ್ಪಿದರೆ ಐದು ವರ್ಷದ ನಂತರ ಅವನು ಎಲ್ಲಿಯೂ ಸಲ್ಲದವನಾಗುತ್ತಾನಾ ಅನ್ನುವುದು ಇನ್ನೊಂದು. ಅಮೆರಿಕದ ಕಾಲೇಜುಗಳ ಕ್ರೀಡಾ ವಿಭಾಗದಲ್ಲಿ ಆಟಗಾರರಿಗೆ ಓದು ಮತ್ತು ಕೆಲಸದ ಸಲಹೆ ಕೊಡುವುದೇ ನನ್ನ ವೃತ್ತಿ. ಕೊನೆಯ ಸೀಸನ್ ಮುಗಿದ ಮೇಲೆ ನನ್ನ ಮುಂದೆ ಬಂದು ಕೂರುವ ಹುಡುಗರಲ್ಲಿ ಕೋಚ್ ಆಗುತ್ತೇನೆ ಅನ್ನುವವರು ಬಹಳ. ಅವರಲ್ಲಿ ಜಾಸ್ತಿ ಜನರಿಗೆ ಬೇಕಿರುವುದು ತಂಡದ ಸಹವಾಸ. ಕೆಲವರಿಗೆ ಮಾತ್ರ ಬೇಕಿರುವುದು ಕೋಚಿಂಗ್. ನಿಮ್ಮ ಮಗ ಯಾವ ಗುಂಪು ಅಂತ ನನಗೆ ಗೊತ್ತಿಲ್ಲ. ಅದನ್ನು ತಿಳಿಯುವ ದಾರಿ ಇದೆ, ಕೆಳಗೆ ಹೇಳುತ್ತೇನೆ.

ಭಾರತದಿಂದ ಓದುತ್ತಿರುವವರಿಗೆ ಒಂದು ಮಾತು. ಇದು ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆ ಆಕಾರದ ಚೆಂಡು ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್. ಇಲ್ಲಿ ಕಾಲೇಜು ತಂಡದ ಪಂದ್ಯಕ್ಕೆ ಲಕ್ಷ ಜನ ಕೂರುವ ಸ್ಟೇಡಿಯಂಗಳಿವೆ. ಲೈನ್‌ಬ್ಯಾಕರ್ ಅಂದರೆ ಎದುರಾಳಿಯ ದಾಳಿ ತಡೆಯುವ ರಕ್ಷಣಾ ಆಟಗಾರ. ಡಿವಿಷನ್ 1 ಅತಿ ದೊಡ್ಡ ದರ್ಜೆ. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಅಂದರೆ ಈ ಹುಡುಗ ನಾಲ್ಕು ವರ್ಷ ಎಂಜಿನಿಯರಿಂಗ್ ಓದಿಕೊಂಡೇ, ಆಟದಿಂದ ಬಿಡಿಗಾಸು ಸ್ಕಾಲರ್‌ಶಿಪ್ ಇಲ್ಲದೆ ಆಡಿದ್ದಾನೆ. ಅದು ಸಣ್ಣ ವಿಷಯ ಅಲ್ಲ.

ಮೊದಲು ಯಜಮಾನರ ಮಾತು ತೆಗೆದುಕೊಳ್ಳೋಣ. ದೊಡ್ಡ ಆಟಗಾರ ಆಗದವನು ದೊಡ್ಡ ಕೋಚ್ ಆಗಲ್ಲ ಅನ್ನುವುದು ಈ ಆಟದಲ್ಲಿ ನಿಲ್ಲುವ ಮಾತಲ್ಲ. ಬಿಲ್ ಬೆಲಿಚಿಕ್ ಕಾಲೇಜಲ್ಲಿ ಆಡಿದ್ದು ವೆಸ್ಲಿಯನ್ ಅನ್ನುವ ಸಣ್ಣ ಕಾಲೇಜಿಗೆ. ಕೋಚ್ ಆಗಿ ನ್ಯೂ ಇಂಗ್ಲೆಂಡ್ ತಂಡಕ್ಕೆ ಆರು ಸೂಪರ್ ಬೌಲ್ (ವೃತ್ತಿಪರ ಲೀಗ್‌ನ ಫೈನಲ್) ಗೆದ್ದುಕೊಟ್ಟರು. ಮೈಕ್ ಲೀಚ್ ಕಾಲೇಜು ಫುಟ್‌ಬಾಲ್ ಆಡಲೇ ಇಲ್ಲ. ಕಾನೂನು ಪದವಿ ಪಡೆದವರು. ಆದರೂ ಚೆಂಡು ಎಸೆದು ಆಡುವ ಅವರ ಪದ್ಧತಿಯನ್ನು ದೇಶದ ಅರ್ಧ ತಂಡಗಳು ಒಂದಲ್ಲ ಒಂದು ರೀತಿ ನಕಲು ಮಾಡಿದವು. ಹಾಗಂತ ದೊಡ್ಡ ಆಟಗಾರರು ಕೋಚ್ ಆಗಲ್ಲ ಅಂತಲೂ ಇಲ್ಲ. ಸ್ಟೀವ್ ಸ್ಪರಿಯರ್ 1966ರಲ್ಲಿ ಫ್ಲಾರಿಡಾ ಆಟಗಾರನಾಗಿ ಹೈಸ್ಮನ್ ಟ್ರೋಫಿ (ಕಾಲೇಜು ಫುಟ್‌ಬಾಲ್‌ನ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ) ಗೆದ್ದರು. ಮೂವತ್ತು ವರ್ಷದ ನಂತರ ಅದೇ ಕಾಲೇಜಿಗೆ ಕೋಚ್ ಆಗಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ತಂದರು. ಆಟ ಬಂದ ಮಾತ್ರಕ್ಕೆ ಕಲಿಸಲು ಬರುವುದಿಲ್ಲ, ಅಷ್ಟೇ. ಹತ್ತೊಂಬತ್ತು ವರ್ಷದ ಹುಡುಗನಿಗೆ ಅವನ ತಪ್ಪನ್ನು ಎರಡು ವಾಕ್ಯದಲ್ಲಿ ತೋರಿಸಿ, ಮಾರನೆಯ ದಿನ ಅವನು ಅದನ್ನು ಮಾಡದ ಹಾಗೆ ನೋಡಿಕೊಳ್ಳುವವನು ಕೋಚ್.

ಇನ್ನು ಮಗ ಹಿಡಿದಿರುವ ಉದಾಹರಣೆ. ನೋಟರ್ ಡೇಮ್ ಅಂದರೆ ಕಾಲೇಜು ಫುಟ್‌ಬಾಲ್‌ನಲ್ಲಿ ದೊಡ್ಡ ಹೆಸರು. ಫ್ರೀಮನ್ ಕಥೆ ನಿಜ. ಆದರೆ ನಿಮ್ಮ ಮಗ ಅದರ ಕೊನೆಯ ಪುಟ ಮಾತ್ರ ಓದಿದ್ದಾನೆ ಅನಿಸುತ್ತದೆ.

ಮಾರ್ಕಸ್ ಫ್ರೀಮನ್ ನಿಮ್ಮ ಒಹಾಯೊದವರೇ. ಡೇಟನ್ ಹತ್ತಿರ ಬೆಳೆದು ಒಹಾಯೊ ಸ್ಟೇಟ್‌ಗೆ ಲೈನ್‌ಬ್ಯಾಕರ್ ಆಗಿ ಆಡಿದರು. 2009ರಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಹೊಸ ಆಟಗಾರರ ಆಯ್ಕೆಯಲ್ಲಿ ಷಿಕಾಗೊ ಬೇರ್ಸ್ ತಂಡ ಐದನೇ ಸುತ್ತಿನಲ್ಲಿ ಆರಿಸಿಕೊಂಡಿತು. ಎನ್‌ಎಫ್‌ಎಲ್‌ನಲ್ಲಿ ನೆಲೆ ಸಿಗಲಿಲ್ಲ, ಒಂದು ತಂಡದಿಂದ ಇನ್ನೊಂದಕ್ಕೆ ಓಡಾಟ. 2010ರಲ್ಲಿ ಇಂಡಿಯಾನಾಪೊಲಿಸ್ ತಂಡ ಸೇರುವ ಮುಂಚಿನ ವೈದ್ಯಕೀಯ ಪರೀಕ್ಷೆಯಲ್ಲಿ ಹೃದಯದ ತೊಂದರೆ ಗೊತ್ತಾಯಿತು. 24ನೇ ವಯಸ್ಸಿಗೆ ಆಟ ಮುಗಿಯಿತು. ಅದೇ ವರ್ಷ ಒಹಾಯೊ ಸ್ಟೇಟ್‌ಗೆ ವಾಪಸ್ ಬಂದು ಗ್ರಾಜುಯೇಟ್ ಅಸಿಸ್ಟೆಂಟ್ ಆದರು.

ಇಲ್ಲಿಂದ ಮುಂದೆ ಅವರಿಗೆ ಕೆಲಸ ಕೊಟ್ಟವರು ಯಾರು ಅಂತ ಗಮನಿಸಿ. 2011ರಲ್ಲಿ ಕೆಂಟ್ ಸ್ಟೇಟ್‌ಗೆ ಲೈನ್‌ಬ್ಯಾಕರ್ ಕೋಚ್ ಆಗಿ ಕರೆದದ್ದು ಡ್ಯಾರೆಲ್ ಹೇಜಲ್. ಹೇಜಲ್ ಅದಕ್ಕೂ ಮುಂಚೆ ಒಹಾಯೊ ಸ್ಟೇಟ್‌ನಲ್ಲಿ ಅಸಿಸ್ಟೆಂಟ್ ಕೋಚ್ ಆಗಿದ್ದವರು, ಫ್ರೀಮನ್‌ರನ್ನು ಆಟಗಾರನಾಗಿಯೇ ನೋಡಿದವರು. 2013ರಲ್ಲಿ ಹೇಜಲ್ ಪರ್ಡ್ಯೂಗೆ ಹೋದರು, ಫ್ರೀಮನ್‌ರನ್ನೂ ಕರೆದುಕೊಂಡು ಹೋದರು. 2017ರಲ್ಲಿ ಸಿನ್ಸಿನಾಟಿಗೆ ಡಿಫೆನ್ಸಿವ್ ಕೋಆರ್ಡಿನೇಟರ್ (ರಕ್ಷಣಾ ವಿಭಾಗದ ಮುಖ್ಯ ಕೋಚ್) ಆಗಿ ಕರೆದದ್ದು ಲೂಕ್ ಫಿಕೆಲ್. ಅವರು ಯಾರು? ಫ್ರೀಮನ್ ಆಡುತ್ತಿದ್ದಾಗ ಒಹಾಯೊ ಸ್ಟೇಟ್‌ನ ಲೈನ್‌ಬ್ಯಾಕರ್ ಕೋಚ್. ಅಂದರೆ ಮೊದಲ ಹತ್ತು ವರ್ಷ ಸಿಕ್ಕ ಪ್ರತಿ ಕೆಲಸವೂ ಒಹಾಯೊ ಸ್ಟೇಟ್ ಇರುವ ಕೊಲಂಬಸ್‌ನ ಒಂದೇ ಬಳಗದಿಂದ ಬಂತು. ಆಗ ಅಲ್ಲಿ ಹೆಡ್ ಕೋಚ್ ಆಗಿದ್ದ ಜಿಮ್ ಟ್ರೆಸೆಲ್ ಕಟ್ಟಿದ ಬಳಗ ಅದು. (2025ರಲ್ಲಿ ನಿಮ್ಮ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಆದ ಅದೇ ಟ್ರೆಸೆಲ್.) 2021ರಲ್ಲಿ ನೋಟರ್ ಡೇಮ್ ಡಿಫೆನ್ಸಿವ್ ಕೋಆರ್ಡಿನೇಟರ್ ಆಗಿ ತೆಗೆದುಕೊಂಡಾಗಲೇ ಅವರು ಆ ಬಳಗದಿಂದ ಆಚೆ ಬಂದದ್ದು. ಅದೇ ವರ್ಷದ ಕೊನೆಗೆ ಹೆಡ್ ಕೋಚ್ ಬ್ರಯನ್ ಕೆಲ್ಲಿ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಗೆ ಹೊರಟರು, ಡಿಸೆಂಬರ್‌ನಲ್ಲಿ ಫ್ರೀಮನ್ ಆ ಕುರ್ಚಿಗೆ ಬಂದರು.

ಮಧ್ಯದಲ್ಲಿ ಏನಾಯಿತು ಅನ್ನುವುದೂ ಮುಖ್ಯ. 2012ರಲ್ಲಿ ಕೆಂಟ್ ಸ್ಟೇಟ್ 11 ಪಂದ್ಯ ಗೆದ್ದಿತು, ಆ ಕಾಲೇಜಿಗೆ ಅದು ಹಬ್ಬ. ಮರುವರ್ಷ ಅದೇ ಹೆಡ್ ಕೋಚ್, ಅದೇ ಲೈನ್‌ಬ್ಯಾಕರ್ ಕೋಚ್ ಪರ್ಡ್ಯೂನಲ್ಲಿ ಗೆದ್ದದ್ದು 12ರಲ್ಲಿ ಒಂದು. ಅಲ್ಲಿ ನಾಲ್ಕನೇ ಸೀಸನ್ ಅರ್ಧಕ್ಕೇ, 2016ರ ಅಕ್ಟೋಬರ್‌ನಲ್ಲಿ, ಹೇಜಲ್‌ರನ್ನು ತೆಗೆದರು. ಒಟ್ಟು ಲೆಕ್ಕ 9 ಗೆಲುವು, 33 ಸೋಲು. ಹೆಡ್ ಕೋಚ್ ಹೋದರೆ ಅವನ ಕೆಳಗಿನವರ ಕೆಲಸವೂ ಸಾಮಾನ್ಯವಾಗಿ ಹೋದ ಹಾಗೆಯೇ. ಹೊಸಬ ತನ್ನ ಜನರನ್ನು ಕರೆತರುತ್ತಾನೆ. ಆ ಹೊತ್ತಿಗೆ ಫ್ರೀಮನ್ ಕೋಚಿಂಗ್‌ನಲ್ಲಿ ಆರೇಳು ವರ್ಷ ಕಳೆದಿದ್ದರು. ಫಿಕೆಲ್ ಕರೆಯದೆ ಇದ್ದಿದ್ದರೆ ಇವತ್ತು ನಿಮ್ಮ ಮಗ ಆ ಹೆಸರು ಹೇಳುತ್ತಿದ್ದನೋ ಇಲ್ಲವೋ.

ಹೆಡ್ ಕೋಚ್ ಆದ ಮೇಲೂ ದಾರಿ ನುಣುಪಾಗಿರಲಿಲ್ಲ. ಮೊದಲ ಮೂರು ಪಂದ್ಯ ಸೋತರು. ಅದರಲ್ಲಿ ಒಂದು, ಮಾರ್ಷಲ್ ಅನ್ನುವ ಸಣ್ಣ ತಂಡದ ಎದುರು ಸ್ವಂತ ಮೈದಾನದಲ್ಲಿ. 2024ರಲ್ಲಿ ನಾರ್ದರ್ನ್ ಇಲಿನಾಯ್ ಎದುರು 16-14ಕ್ಕೆ ಸೋತಾಗ ಇಡೀ ಊರು ಬೈಯಿತು. ಆಮೇಲೆ ಸತತ 13 ಗೆದ್ದು ರಾಷ್ಟ್ರೀಯ ಫೈನಲ್‌ಗೆ ಹೋದರು. 2025ರ ಜನವರಿಯಲ್ಲಿ ಫೈನಲ್ ಸೋತದ್ದು ತಾವೇ ಆಡಿದ್ದ ಒಹಾಯೊ ಸ್ಟೇಟ್‌ಗೆ. ಆ ಹಂತಕ್ಕೆ ತಂಡ ಒಯ್ದ ಮೊದಲ ಕಪ್ಪು ಹೆಡ್ ಕೋಚ್ ಮತ್ತು ಏಷ್ಯನ್ ಮೂಲದ ಮೊದಲ ಹೆಡ್ ಕೋಚ್ ಅವರು. ತಾಯಿ ಕೊರಿಯಾದವರು.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳಿದ್ದು ಯಾಕೆ ಅಂದರೆ, ಈ ವೃತ್ತಿಯಲ್ಲಿ ಆಟದ ಜ್ಞಾನ ಇರುವವರಿಗೆ ಬರ ಇಲ್ಲ. ಕೊರತೆ ಇರುವುದು "ಈ ಹುಡುಗನನ್ನು ನಾನು ನೋಡಿದ್ದೇನೆ, ತಗೊಳ್ಳಿ" ಅಂತ ಹೇಳುವ ಒಬ್ಬ ಹಿರಿಯನಿಗೆ. ಡಿವಿಷನ್ 1ರ ಮೇಲಿನ ಹಂತದಲ್ಲಿ ಇರುವುದು 130ಕ್ಕೂ ಸ್ವಲ್ಪ ಹೆಚ್ಚು ತಂಡಗಳು. ಒಂದೊಂದರಲ್ಲಿ ಪೂರ್ತಿ ಪ್ರಮಾಣದ ಅಸಿಸ್ಟೆಂಟ್ ಕೋಚ್‌ಗಳು ಹತ್ತು ಅಂದುಕೊಳ್ಳಿ. ಇಡೀ ದೇಶದಲ್ಲಿ ಸುಮಾರು 1,300 ಕುರ್ಚಿ. ಕೆಳಗೆ ಕಾಯುತ್ತಿರುವವರು ಅದರ ಎಷ್ಟೋ ಪಟ್ಟು. ಹಾಗಾಗಿ ಯಾವ ಕಾಲೇಜಿನ ಟೀ ಶರ್ಟ್ ಹಾಕಿಕೊಂಡ ಅನ್ನುವುದಕ್ಕಿಂತ ಯಾರ ಕೈಕೆಳಗೆ ಕೆಲಸ ಮಾಡಿದ ಅನ್ನುವುದೇ ಮುಂದಿನ ಹತ್ತು ವರ್ಷ ತೀರ್ಮಾನ ಮಾಡುತ್ತದೆ.

ನನ್ನನ್ನು ಕೇಳಿದರೆ ನಿಮ್ಮ ಮಗನಿಗೆ ಫ್ರೀಮನ್‌ಗಿಂತ ಹತ್ತಿರದ ಉದಾಹರಣೆ ನಿಕ್ ಸಿರಿಯಾನಿ. ಅವರೂ ಒಹಾಯೊದ ಡಿವಿಷನ್ 3 ಹುಡುಗ, ಅಲಯನ್ಸ್ ಊರಿನ ಮೌಂಟ್ ಯೂನಿಯನ್ ಕಾಲೇಜು. ಅಲ್ಲೇ ಎರಡು ವರ್ಷ ಕೋಚ್, ಆಮೇಲೆ ಪೆನ್ಸಿಲ್ವೇನಿಯಾದ ಒಂದು ಡಿವಿಷನ್ 2 ಕಾಲೇಜಿನಲ್ಲಿ ಮೂರು ವರ್ಷ. 2009ರಲ್ಲಿ ಎನ್‌ಎಫ್‌ಎಲ್ ತಂಡ ಕ್ಯಾನ್ಸಸ್ ಸಿಟಿ ಚೀಫ್ಸ್‌ನಲ್ಲಿ ತೀರಾ ಕೆಳಗಿನ ಮೆಟ್ಟಿಲಿನ ಕೆಲಸ ಸಿಕ್ಕಿದ್ದು ಹೆಡ್ ಕೋಚ್ ಟಾಡ್ ಹೇಲಿಯ ಪರಿಚಯದಿಂದ. ಆ ಪರಿಚಯ ಆದದ್ದು ಒಂದು ಜಿಮ್‌ನಲ್ಲಿ! 2013ರಲ್ಲಿ ಆಂಡಿ ರೀಡ್ ಹೊಸ ಹೆಡ್ ಕೋಚ್ ಆಗಿ ಬಂದರು, ಸಿರಿಯಾನಿಯನ್ನು ಉಳಿಸಿಕೊಳ್ಳಲಿಲ್ಲ. ಚಾರ್ಜರ್ಸ್ ತಂಡಕ್ಕೆ ಹೋದರು, ಅಲ್ಲಿ ಫ್ರಾಂಕ್ ರೈಕ್ ಜೊತೆ ಕೆಲಸ. ರೈಕ್ 2018ರಲ್ಲಿ ಕೋಲ್ಟ್ಸ್ ಹೆಡ್ ಕೋಚ್ ಆದಾಗ ಇವರನ್ನು ಕರೆದರು. 2021ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಹೆಡ್ ಕೋಚ್. 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದರು, ಅದೂ ಆಂಡಿ ರೀಡ್ ತಂಡವನ್ನೇ 40-22ಕ್ಕೆ ಸೋಲಿಸಿ. ಇಲ್ಲಿಯೂ ಅದೇ ನೂಲು, ಪ್ರತಿ ತಿರುವಿನಲ್ಲೂ ಒಬ್ಬ ಮನುಷ್ಯ. ಇಂಥವರ ಹಿಂದೆ, ಹೀಗೇ ಶುರು ಮಾಡಿ ಮೂವತ್ತಕ್ಕೆ ಬಿಟ್ಟು ಬೇರೆ ಕೆಲಸ ಹಿಡಿದವರು ನೂರಾರು ಜನ ಇದ್ದಾರೆ. ಅವರ ಹೆಸರು ನಮಗೆ ಗೊತ್ತಾಗುವುದಿಲ್ಲ.

ಗ್ರಾಜುಯೇಟ್ ಅಸಿಸ್ಟೆಂಟ್ ಅಂದರೆ ಏನು ಕೆಲಸ

ಹೆಸರು ಕೇಳಿದರೆ ಅರ್ಧ ಪ್ರೊಫೆಸರ್ ಅನಿಸಬಹುದು. ಮಾಸ್ಟರ್ಸ್ ಕೋರ್ಸ್‌ಗೆ ದಾಖಲಾಗಿರಬೇಕು, ಅದು ನಿಯಮ. ಸಾಮಾನ್ಯವಾಗಿ ಫೀಸು ಕಾಲೇಜೇ ನೋಡಿಕೊಳ್ಳುತ್ತದೆ, ಕೈಗೆ ಒಂದಿಷ್ಟು ಸ್ಟೈಪೆಂಡ್. ಆ ಸ್ಟೈಪೆಂಡ್‌ನಲ್ಲಿ ಒಬ್ಬನೇ ಹುಡುಗ, ರೂಮ್‌ಮೇಟ್ ಜೊತೆ, ಕೈಬಿಗಿ ಹಿಡಿದು ಬದುಕಬಹುದು. ಸಂಸಾರ ನಡೆಯಲ್ಲ. ಕಾರು ರಿಪೇರಿಗೆ ಬಂದರೆ ಅಪ್ಪನಿಗೆ ಫೋನ್ ಬರುತ್ತದೆ.

ದಿನ ಬೆಳಕು ಹರಿಯುವ ಮುಂಚೆ ಶುರು. ಮುಂದಿನ ವಾರದ ಎದುರಾಳಿ ಆಡಿದ ಪಂದ್ಯಗಳ ವಿಡಿಯೊ ಒಂದೊಂದು ಪ್ಲೇ ನಿಲ್ಲಿಸಿ ನೋಡಬೇಕು. ಎಷ್ಟನೇ ಡೌನ್ (ಪ್ರಯತ್ನ), ಎಷ್ಟು ಗಜ ಬೇಕಿತ್ತು, ಯಾರು ಎಲ್ಲಿ ನಿಂತಿದ್ದರು, ಯಾವ ಕಡೆ ಓಡಿದರು ಅಂತ ಕಂಪ್ಯೂಟರ್‌ಗೆ ತುಂಬಬೇಕು. ಇದನ್ನು ಫಿಲ್ಮ್ ಬ್ರೇಕ್‌ಡೌನ್ ಅನ್ನುತ್ತಾರೆ. ಆಮೇಲೆ ಎದುರಾಳಿಯ ಪ್ಲೇಗಳನ್ನು ಕಾರ್ಡ್ ಮೇಲೆ ಬರೆದು, ನಮ್ಮದೇ ಮೀಸಲು ಹುಡುಗರಿಂದ ಅಭ್ಯಾಸದಲ್ಲಿ ಆಡಿಸಬೇಕು. ಅದು ಸ್ಕೌಟ್ ಟೀಮ್. ಮಧ್ಯೆ ಕ್ಲಾಸ್. ಸಂಜೆ ಮೀಟಿಂಗ್. ಜೊತೆಗೆ ಹಿರಿಯ ಕೋಚ್‌ಗಳಿಗೆ ಊಟ ತರುವುದರಿಂದ ಹಿಡಿದು ಹೇಳಿದ್ದೆಲ್ಲ. ಸೀಸನ್‌ನಲ್ಲಿ ಭಾನುವಾರವೂ ರಜೆ ಅಲ್ಲ, ಹಿಂದಿನ ದಿನದ ಪಂದ್ಯ ನೋಡಿ ಅಂಕ ಹಾಕುವ ದಿನ. ಡಿಸೆಂಬರ್, ಜನವರಿ ಬಂದರೆ ಹೊಸ ಹುಡುಗರನ್ನು ಸೇರಿಸುವ ಗಲಾಟೆ, ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸುವ ಆಟಗಾರರ ಪಟ್ಟಿ) ಗಲಾಟೆ. ದೀಪಾವಳಿಗೆ ಮನೆಗೆ ಬರುತ್ತಾನೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ.

ಆ ದೊಡ್ಡ ಯೂನಿವರ್ಸಿಟಿಯ ವಿಷಯದಲ್ಲಿ ಈಚೆಗೆ ಒಂದು ಬದಲಾವಣೆ ಆಗಿದೆ, ಹುಡುಗರಿಗೆ ಇದು ಗೊತ್ತಿರಲ್ಲ. ಮುಂಚೆ ಅನಲಿಸ್ಟ್ ಅಂತ ಇದ್ದವರು ಆಟಗಾರರಿಗೆ ನೇರವಾಗಿ ಕಲಿಸುವಂತಿರಲಿಲ್ಲ, ಗ್ರಾಜುಯೇಟ್ ಅಸಿಸ್ಟೆಂಟ್ ಕಲಿಸಬಹುದಿತ್ತು. 2024ರ ಜೂನ್‌ನಲ್ಲಿ ಕಾಲೇಜು ಕ್ರೀಡೆಗಳ ನಿಯಮ ಮಾಡುವ ಸಂಸ್ಥೆ ಎನ್‌ಸಿಎಎ ಆ ಕಟ್ಟು ಸಡಿಲಿಸಿತು. ಈಗ ಅನಲಿಸ್ಟ್‌ಗಳೂ ಅಭ್ಯಾಸದಲ್ಲಿ, ಪಂದ್ಯದಲ್ಲಿ ಕಲಿಸಬಹುದು. ದೊಡ್ಡ ಕಾಲೇಜುಗಳಲ್ಲಿ ಅನಲಿಸ್ಟ್ ಅಂದರೆ ಎಷ್ಟೋ ಸಲ ಬೇರೆ ಕಡೆ ಕೋಆರ್ಡಿನೇಟರ್ ಆಗಿ ಕೆಲಸ ಕಳೆದುಕೊಂಡ ಅನುಭವಿ. ಅವನು ಪಕ್ಕದಲ್ಲಿ ನಿಂತಿರುವಾಗ 22ರ ಹುಡುಗನಿಗೆ ಹೇಳಿಕೊಡುವ ಅವಕಾಶ ಎಷ್ಟು ಸಿಗುತ್ತದೆ? ವಿಡಿಯೊ ಕೋಣೆಯಲ್ಲೇ ಎರಡು ವರ್ಷ ಕಳೆದುಹೋಗಬಹುದು. ಸಣ್ಣ ಕಾಲೇಜಿನಲ್ಲಿ ಹಾಗಲ್ಲ. ಕೋಚ್‌ಗಳೇ ಕಡಿಮೆ. ಸೇರಿದ ತಿಂಗಳಲ್ಲೇ ಇಡೀ ಲೈನ್‌ಬ್ಯಾಕರ್ ಗುಂಪನ್ನು ಅವನ ಕೈಗೆ ಕೊಡಬಹುದು. ಬಸ್ ಬುಕ್ ಮಾಡುವುದೂ ಅವನೇ ಆಗಬಹುದು, ಆ ಮಾತು ಬೇರೆ.

ದುಡ್ಡಿನ ಬಗ್ಗೆ ಮಗ ಟಿವಿ ನೋಡಿ ಲೆಕ್ಕ ಹಾಕದೆ ಇರಲಿ. 2023ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ತನ್ನ ಕೋಚ್ ಜಿಂಬೊ ಫಿಶರ್‌ರನ್ನು ತೆಗೆದಾಗ ಒಪ್ಪಂದದ ಪ್ರಕಾರ ಕೊಡಬೇಕಾಗಿ ಬಂದದ್ದು ಏಳೂವರೆ ಕೋಟಿ ಡಾಲರ್‌ಗೂ ಜಾಸ್ತಿ. ಆ ಲೋಕ ಬೇರೆ. ಸಣ್ಣ ಕಾಲೇಜಿನ ಅಸಿಸ್ಟೆಂಟ್ ಕೋಚ್ ಸಂಬಳ ಎಷ್ಟೋ ಕಡೆ ನಿಮ್ಮ ಮಗನ ಕೈಯಲ್ಲಿರುವ ಎಂಜಿನಿಯರ್ ಸಂಬಳಕ್ಕಿಂತ ಕಡಿಮೆಯೇ. ಕರಾರು ಒಂದು ವರ್ಷದ್ದು. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರಲ್ಲಿ ಎನ್‌ಎಫ್‌ಎಲ್ ಸೇರುವವರು ನೂರಕ್ಕೆ ಇಬ್ಬರಿಗಿಂತ ಕಡಿಮೆ ಅಂತ ಎನ್‌ಸಿಎಎಯೇ ಹೇಳುತ್ತದೆ. ಆಟದ ಕನಸು ಬಿಟ್ಟವರಲ್ಲಿ ಒಂದು ಪಾಲು ಕೋಚಿಂಗ್ ಕಡೆ ತಿರುಗುತ್ತಾರೆ. ಅಲ್ಲಿನ ಸಾಲು ಯಾಕೆ ಅಷ್ಟು ಉದ್ದ ಅಂತ ಅದರಿಂದಲೇ ಗೊತ್ತಾಗುತ್ತೆ, ಅಲ್ವಾ?

ವಾಪಸ್ ಬರೋಕಾಗಲ್ಲ ಅನ್ನುವ ಭಯ

ಯಜಮಾನರ ಎರಡನೇ ಮಾತಿನಲ್ಲಿ ಅರ್ಧ ಸತ್ಯ ಇದೆ. ಎಂಜಿನಿಯರಿಂಗ್ ಓದಿ ಎರಡು ವರ್ಷ ಆ ಕಡೆ ತಲೆ ಹಾಕದೆ ಇದ್ದರೆ ಮೊದಲ ಕೆಲಸ ಹುಡುಕುವುದು ಕಷ್ಟವೇ. ಆದರೆ ಅದಕ್ಕೆ ಮದ್ದು ಅವನ ಕೈಯಲ್ಲೇ ಇದೆ, ಮಾಸ್ಟರ್ಸ್‌ನಲ್ಲಿ ಏನು ಓದುತ್ತಾನೆ ಅನ್ನುವುದು. ಬಹಳ ಹುಡುಗರು ಫೀಸು ಹೇಗೂ ಇಲ್ಲ ಅಂತ ಅತಿ ಸುಲಭದ ಕೋರ್ಸ್ ಹಿಡಿಯುತ್ತಾರೆ. ಮೂವತ್ತಕ್ಕೆ ಕೋಚಿಂಗ್ ಬಿಟ್ಟಾಗ ಆ ಕಾಗದದಿಂದ ಏನೂ ಆಗುವುದಿಲ್ಲ. ನನಗೆ ತುಂಬ ಸಿಟ್ಟು ತರಿಸುವ ವಿಷಯ ಇದು. ಕಾಲೇಜಿನಿಂದ ಅವನಿಗೆ ಸಿಗುವ ನಿಜವಾದ ಸಂಬಳ ಆ ಪದವಿ. ಅದನ್ನು ಚೌಕಾಸಿ ಮಾಡಿ ತೆಗೆದುಕೊಳ್ಳಬೇಕು. ಡೇಟಾ ಅನಲಿಟಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಇಂಡಸ್ಟ್ರಿಯಲ್ ಎಂಜಿನಿಯರಿಂಗ್, ಯಾವುದಾದರೂ ಸರಿ. ಕೆಲಸದ ಹೊತ್ತಿಗೆ ಆ ಕ್ಲಾಸುಗಳು ಹೊಂದುತ್ತವಾ ಅಂತ ಸೇರುವ ಮುಂಚೆಯೇ ಕೇಳಬೇಕು. "ನಮ್ಮ ಹುಡುಗರೆಲ್ಲ ಇದೇ ಕೋರ್ಸ್ ಮಾಡೋದು" ಅಂತ ಆ ತಂಡದವರು ಹೇಳಿದರೆ ಅದೊಂದು ಎಚ್ಚರಿಕೆ.

ಇನ್ನೊಂದು ಕಡೆಯಿಂದಲೂ ಈ ಭಯ ನೋಡಿ. ಈಗ ಕಂಪನಿಗೆ ಸೇರಿದರೆ ಕೋಚಿಂಗ್ ಬಾಗಿಲು ಮುಚ್ಚಿಹೋಗುತ್ತೆ ಅಂತ ಮಗ ಹೇಳುತ್ತಿರಬಹುದು. ಹಾಗೇನಿಲ್ಲ. ಡಾಬೊ ಸ್ವೀನಿ ಅಲಬಾಮಾದಲ್ಲಿ ಸ್ಕಾಲರ್‌ಶಿಪ್ ಇಲ್ಲದೆ ತಂಡಕ್ಕೆ ಸೇರಿ ಆಡಿದವರು. ಅಲ್ಲೇ ಕೋಚ್ ಆದರು. ಇಡೀ ಕೋಚ್ ತಂಡವನ್ನು ತೆಗೆದಾಗ ಕೆಲಸ ಹೋಯಿತು. ಎರಡು ವರ್ಷ ಬರ್ಮಿಂಗ್‌ಹ್ಯಾಂನಲ್ಲಿ ರಿಯಲ್ ಎಸ್ಟೇಟ್ ಕೆಲಸ ಮಾಡಿದರು. 2003ರಲ್ಲಿ ಕ್ಲೆಮ್ಸನ್ ಕರೆಯಿತು. ಕರೆದದ್ದು ಯಾರು ಅಂತೀರಾ? ಅಲಬಾಮಾದಲ್ಲಿ ಅವರು ಆಡುತ್ತಿದ್ದ ಜಾಗದ ಆಟಗಾರರಿಗೆ ಕೋಚ್ ಆಗಿದ್ದ ಟಾಮಿ ಬೌಡನ್. ಸ್ವೀನಿ ಅಲ್ಲಿ ಹೆಡ್ ಕೋಚ್ ಆಗಿ 2016 ಮತ್ತು 2018ರ ಸೀಸನ್‌ಗಳಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದರು.

ಹಾಗಾದರೆ ಏನು ಮಾಡುವುದು

ನಿಮ್ಮ ಮುಂದೆ ದೊಡ್ಡ ಕಾಲೇಜು, ಸಣ್ಣ ಕಾಲೇಜು, ಕಂಪನಿ ಅಂತ ಮೂರು ದಾರಿ ಕಾಣುತ್ತಿವೆ. ನಾಲ್ಕನೆಯದೂ ಇದೆ.

ಮೊದಲು ಕಂಪನಿಯದೇ ಹೇಳುತ್ತೇನೆ, ಯಾಕಂದರೆ ಪರೀಕ್ಷೆ ಮಾಡುವ ದಾರಿ ಅಂದೆನಲ್ಲ, ಅದು ಇಲ್ಲಿದೆ. ಜುಲೈಗೆ ಕೆಲಸಕ್ಕೆ ಸೇರಲಿ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಸಂಜೆ ಹತ್ತಿರದ ಹೈಸ್ಕೂಲ್ ತಂಡದಲ್ಲಿ ಸಹಾಯಕ ಕೋಚ್ ಆಗಲಿ. ಒಹಾಯೊದಲ್ಲಿ ಹೈಸ್ಕೂಲ್ ಫುಟ್‌ಬಾಲ್‌ಗೆ ಜನ ಪ್ರಾಣ ಬಿಡುತ್ತಾರೆ, ಕೈಜೋಡಿಸುವ ಹುಡುಗ ಬೇಕಾದ ಶಾಲೆ ಸಿಕ್ಕೇ ಸಿಗುತ್ತದೆ. ಶಾಲೆಯವರು ಕೇಳುವ ಕೋಚಿಂಗ್ ಪರ್ಮಿಟ್, ಪ್ರಥಮ ಚಿಕಿತ್ಸೆಯ ತರಬೇತಿ ಮೊದಲೇ ಮಾಡಿಕೊಳ್ಳಬೇಕು. ಕಂಪನಿಯಲ್ಲಿ ನಾಲ್ಕು ಗಂಟೆಗೆ ಬಿಡುತ್ತಾರಾ ಅನ್ನುವುದೇ ದೊಡ್ಡ ಪ್ರಶ್ನೆ, ಅದನ್ನು ಮೊದಲೇ ಮಾತಾಡಬೇಕು. ಒಂದು ಸೀಸನ್ ಸಾಕು. ಆಟವೇ ಸರಿಯಾಗಿ ಬರದ ಹದಿನೈದರ ಹುಡುಗರಿಗೆ, ಯಾರೂ ಚಪ್ಪಾಳೆ ತಟ್ಟದ ಕಡೆ, ಮಳೆಯಲ್ಲಿ ನಿಂತು ಕಲಿಸುವುದು ಖುಷಿ ಕೊಟ್ಟರೆ ಅವನು ಕೋಚ್. ಬೇಜಾರಾದರೆ ಅವನಿಗೆ ಬೇಕಿದ್ದದ್ದು ಹಳೆಯ ಗೆಳೆಯರು. ಇದರ ಅಪಾಯ ಏನು? ಕೈಗೆ ಸಂಬಳ ಬಂದ ಮೇಲೆ, ಕಾರಿನ ಸಾಲ ಆದ ಮೇಲೆ, ಸ್ಟೈಪೆಂಡ್‌ಗೆ ಇಳಿಯುವುದು ಮನಸ್ಸಿಗೆ ಕಷ್ಟ. ಈಗ ಮಾತಾಡುತ್ತಿರುವ ಕೋಚ್ ಮುಂದಿನ ವರ್ಷ ಅಲ್ಲಿ ಇಲ್ಲದೆಯೂ ಇರಬಹುದು.

ಡಿವಿಷನ್ 2 ಕಾಲೇಜು ನನಗೆ ಇಷ್ಟ. ಕಲಿಯುವುದು ಜಾಸ್ತಿ, ಹೊಣೆ ಜಾಸ್ತಿ, ತಪ್ಪು ಮಾಡಲು ಜಾಗ ಇದೆ. ಅಪಾಯ ಅಂದರೆ ಅಲ್ಲಿಂದ ಮೇಲಕ್ಕೆ ಎತ್ತುವ ಕೈ ಕಡಿಮೆ. ಅಲ್ಲಿಯೇ ಸುತ್ತುತ್ತಾ ಇದ್ದುಬಿಡಬಹುದು. ಆ ಹೆಡ್ ಕೋಚ್‌ನ ಕೆಳಗೆ ಹಿಂದೆ ಇದೇ ಕೆಲಸ ಮಾಡಿದ ಹುಡುಗರು ಈಗ ಎಲ್ಲಿದ್ದಾರೆ ಅಂತ ಹುಡುಕಲಿ. ಕಾಲೇಜಿನ ವೆಬ್‌ಸೈಟ್‌ನಲ್ಲಿ ಹಳೆಯ ಸ್ಟಾಫ್ ಪಟ್ಟಿ ಸಿಗುತ್ತದೆ. ನಾಲ್ಕೈದು ಜನರಲ್ಲಿ ಇಬ್ಬರಾದರೂ ಎಲ್ಲೋ ಪೂರ್ತಿ ಕೆಲಸದ ಕೋಚ್ ಆಗಿದ್ದರೆ ಆ ಮನುಷ್ಯ ಹುಡುಗರಿಗಾಗಿ ಫೋನ್ ಎತ್ತುತ್ತಾನೆ ಅಂತ ಅರ್ಥ. ಯಾರೂ ಇಲ್ಲದಿದ್ದರೆ ನಾನು ಹೋಗು ಅನ್ನುವುದಿಲ್ಲ.

ದೊಡ್ಡ ಯೂನಿವರ್ಸಿಟಿಗೆ ಹೋದರೆ ಹೆಸರು, ಸಂಪರ್ಕ ಸಿಗುತ್ತದೆ. ಆದರೆ ಅಲ್ಲಿನ ಹೆಡ್ ಕೋಚ್ ಎಷ್ಟು ವರ್ಷದಿಂದ ಇದ್ದಾನೆ, ಕಳೆದ ಎರಡು ಸೀಸನ್ ಹೇಗಿತ್ತು ನೋಡಿ. ಹೆಡ್ ಕೋಚ್ ಮೇಲೆ ತೂಗುಗತ್ತಿ ಇದ್ದರೆ ಒಂದೇ ವರ್ಷದಲ್ಲಿ ಎಲ್ಲರೂ ಚೆಲ್ಲಾಪಿಲ್ಲಿ. ಹಾಗಾದರೂ ಮಾಸ್ಟರ್ಸ್ ಪದವಿಯ ಫೀಸು ನಿಲ್ಲುವುದಿಲ್ಲ ಅಂತ ಬರವಣಿಗೆಯಲ್ಲಿ ಇರಬೇಕು. ಇದನ್ನು ಯಾರೂ ಕೇಳುವುದಿಲ್ಲ. ನಿಮ್ಮ ಮಗ ಕೇಳಲಿ.

ನಾಲ್ಕನೆಯ ದಾರಿ ಎಂಜಿನಿಯರ್ ಹುಡುಗರಿಗೆ ಈಚೆಗೆ ತೆರೆದದ್ದು. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಗಳಿಸಬಹುದು. 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಹಂಚಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಹಾಕಿದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಯಾರಿಗೆ ಎಷ್ಟು ಕೊಡಬೇಕು, ಪೋರ್ಟಲ್‌ನಲ್ಲಿ ಯಾರನ್ನು ಹಿಡಿಯಬೇಕು ಅಂತ ಲೆಕ್ಕ ಹಾಕುವವರು ಈಗ ಬೇಕು. ಕಾಲೇಜು ತಂಡಗಳು ಜನರಲ್ ಮ್ಯಾನೇಜರ್ ಇಟ್ಟುಕೊಳ್ಳುತ್ತಿವೆ. 2024ರ ನವೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್ ತನ್ನ ಹಳೆಯ ಕ್ವಾರ್ಟರ್‌ಬ್ಯಾಕ್ ಆಂಡ್ರೂ ಲಕ್‌ರನ್ನು ಆ ಜಾಗಕ್ಕೆ ತಂದಿತು. ನಾಲ್ಕು ವರ್ಷ ಆಡಿದ, ಲೆಕ್ಕ ಬರುವ, ಕೋಡ್ ಬರೆಯಬಲ್ಲ ಹುಡುಗನಿಗೆ ಆ ಕೋಣೆಯಲ್ಲಿ ಬೆಲೆ ಇದೆ. ಆದರೆ ಅದು ಮೈದಾನದ ಕೆಲಸ ಅಲ್ಲ. ಸೀಟಿ ಊದಲೇಬೇಕು ಅನ್ನುವವನಿಗೆ ಅಲ್ಲಿ ಉಸಿರು ಕಟ್ಟುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕಂಪನಿಯವರು ಸೇರುವ ದಿನ ಮುಂದಕ್ಕೆ ಹಾಕುತ್ತಾರಾ ಅಂತ ಮೊದಲು ಕೇಳಲಿ, ಕೇಳಿದರೆ ನಷ್ಟ ಇಲ್ಲ. ಡಿವಿಷನ್ 2 ಹೆಡ್ ಕೋಚ್ ಮೇಲೆ ಹೇಳಿದ ಪರೀಕ್ಷೆಯಲ್ಲಿ ಪಾಸಾದರೆ, ಉಪಯೋಗಕ್ಕೆ ಬರುವ ಮಾಸ್ಟರ್ಸ್ ಸಿಕ್ಕರೆ, ಕಳುಹಿಸಿ. ಇಪ್ಪತ್ತೆರಡಕ್ಕೆ, ಮದುವೆ ಮಕ್ಕಳು ಸಾಲ ಇಲ್ಲದಾಗ ಎರಡು ವರ್ಷ ಕಡಿಮೆ ದುಡ್ಡಿನಲ್ಲಿ ಬದುಕುವುದು ಸುಲಭ, ಮೂವತ್ತಕ್ಕೆ ಅಲ್ಲ. ಪದವಿ ಮುಗಿದು ಇನ್ನೊಂದು ಸೀಸನ್ ಒಳಗೆ ಪೂರ್ತಿ ಸಂಬಳದ ಕೋಚ್ ಕೆಲಸ ಸಿಗದಿದ್ದರೆ ಎಂಜಿನಿಯರಿಂಗ್‌ಗೆ ಬರುತ್ತೇನೆ ಅಂತ ಅವನೇ ಒಂದು ಗಡುವು ಹಾಕಿಕೊಳ್ಳಲಿ. ನೀವು ಹಾಕಿದ ಗಡುವನ್ನು ಅವನು ಮುರಿಯುತ್ತಾನೆ.

ತಲೆಗೆ ಪೆಟ್ಟು ಬೀಳುವ ಆಟ ಅಂತ ನಾಲ್ಕು ವರ್ಷ ನಿದ್ದೆಗೆಟ್ಟಿರುತ್ತೀರಿ. ಕೋಚ್‌ಗೆ ಆ ಭಯ ಇಲ್ಲ. ಅವನ ಕಷ್ಟ ನಿದ್ದೆ ಮತ್ತು ಊಟದ್ದು. "ಎಂಜಿನಿಯರಿಂಗ್ ಓದಿಸಿ ಏನಾಯ್ತು" ಅಂತ ಕನ್ನಡ ಕೂಟದಲ್ಲಿ ಕೇಳುವವರು ಕೇಳುತ್ತಾರೆ. ಅದೇ ಜನ, ಅವನ ತಂಡ ಟಿವಿಯಲ್ಲಿ ಬಂದರೆ ಟಿಕೆಟ್ ಕೇಳಲು ಮೊದಲು ಫೋನ್ ಮಾಡುತ್ತಾರೆ.

ಈ ಅಂಕಣ ಓದುವ, ಭಾರತದಿಂದ ಸ್ಟೂಡೆಂಟ್ ವೀಸಾ ಮೇಲೆ ಬರುವ ಹುಡುಗರಿಗೂ ಒಂದು ಸೂಚನೆ. ಎಫ್-1 ವೀಸಾದಲ್ಲಿ ಕ್ಲಾಸ್ ನಡೆಯುವ ಅವಧಿಯಲ್ಲಿ ಕ್ಯಾಂಪಸ್ ಕೆಲಸಕ್ಕೆ ವಾರಕ್ಕೆ 20 ಗಂಟೆ ಮಿತಿ. ಮೇಲೆ ಹೇಳಿದ ದಿನಚರಿ ಅದರೊಳಗೆ ಕೂರುವುದಿಲ್ಲ. ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳದೆ ಯಾವುದಕ್ಕೂ ಹೂಂ ಅನ್ನಬೇಡಿ.

ಕೊನೆಯದಾಗಿ ಯಜಮಾನರ ಫೋನ್ ವಿಷಯ. ದಯವಿಟ್ಟು ಬೇಡ. ಕೋಚ್‌ಗಳು ಹೈಸ್ಕೂಲ್ ಹುಡುಗರನ್ನು ಸೇರಿಸಿಕೊಳ್ಳುವಾಗ ಅಪ್ಪ ಅಮ್ಮನ ಜೊತೆ ಗಂಟೆಗಟ್ಟಲೆ ಮಾತಾಡುತ್ತಾರೆ, ಅದು ಅವರ ಕೆಲಸ. ಕೆಲಸಕ್ಕೆ ಬರುವವನ ಅಪ್ಪ ಫೋನ್ ಮಾಡಿದರೆ, ನಾಳೆ ಇಪ್ಪತ್ತು ಆಟಗಾರರ ಅಪ್ಪಂದಿರನ್ನು ಈ ಹುಡುಗ ಹೇಗೆ ನಿಭಾಯಿಸುತ್ತಾನೆ ಅಂತ ಅನುಮಾನ ಬರುತ್ತದೆ. ಅವರಿಗೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮಗನ ಕೈಗೆ ಕೊಡಲಿ. ಸ್ಟೈಪೆಂಡ್ ಎಷ್ಟು, ಬೇಸಿಗೆಯಲ್ಲೂ ಬರುತ್ತದಾ, ಆರೋಗ್ಯ ವಿಮೆ ಇದೆಯಾ, ಹೆಡ್ ಕೋಚ್ ಹೋದರೆ ಫೀಸು ಯಾರು ಕಟ್ಟುತ್ತಾರೆ, ಮೈದಾನದಲ್ಲಿ ಕಲಿಸಲು ಬಿಡುತ್ತೀರಾ. ವಿಮೆಗೆ ಇನ್ನೂ ನಾಲ್ಕು ವರ್ಷ ತೊಂದರೆ ಇಲ್ಲ, 26 ತುಂಬುವವರೆಗೆ ನಿಮ್ಮ ಪ್ಲಾನ್‌ನಲ್ಲೇ ಅವನನ್ನು ಇಟ್ಟುಕೊಳ್ಳಬಹುದು.